ಎಡಕ್ಕೆ ತಿರುಗಿದ ತಂತಿ

ಮಾರ್ಚ್ ೬

ನಾದಿನಿ ಮಹಾರಾಣಿಯವರಿಗೆ,

ಹಡಗು ಹತ್ತಿ ಹೋಗಿ ತಿಂಗಳಾಯಿತು. ಮುಟ್ಟಿದೆ, ಉಂಡೆ, ಮಲಗಿದೆ ಅಂತ ಒಂದು ಸಾಲು ಗೀಚುವುದಕ್ಕೂ ಪುರುಸೊತ್ತಿಲ್ಲವೇನೇ? ನಿಮ್ಮಮ್ಮ ದಿನಾ ಫೋನಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಅದು ಸತ್ತಿದೆ ಅತ್ತೆ ಅಂದರೆ, "ಸತ್ತಿದ್ರೆ ಎದ್ದು ಬರುತ್ತೆ ಬಿಡು" ಅನ್ನುತ್ತಾರೆ.

ಎದ್ದು ಬರುವ ಹಾಗಿಲ್ಲ. ಬೀದಿಯ ಕಂಬಗಳ ಮೇಲಿದ್ದ ತಾಮ್ರದ ತಂತಿಯನ್ನೆಲ್ಲ ಯಾರೋ ಕತ್ತರಿಸಿಕೊಂಡು ಹೋಗಿದ್ದಾರೆ. ನೀನಿರುವ ದೇಶ ತಾಮ್ರ ಅಂದರೆ ಬಾಯಿ ಬಿಡುತ್ತದಂತೆ. ಚರಂಡಿಯ ಕಬ್ಬಿಣದ ಮುಚ್ಚಳಗಳೂ ಹೋದವು. ಈಗ ಎಲ್ಲರೂ ತಲೆ ತಗ್ಗಿಸಿಕೊಂಡು ನಡೆಯುತ್ತಾರೆ, ನೋಡಿದವರು ಊರಿಗೆಲ್ಲ ನಾಚಿಕೆ ಬಂದಿದೆ ಅಂದುಕೊಳ್ಳಬೇಕು. ಫೋನಿನ ಇಲಾಖೆಯವನು ಬಂದು ಕಂಬ ನೋಡಿ ನಕ್ಕ. "ಹೊಸ ತಂತಿ ಹಾಕಿದ್ರೆ ಅದೂ ಹಡಗು ಹತ್ತುತ್ತಮ್ಮ" ಅಂದು ಹೊರಟೇಹೋದ. ಆದ್ದರಿಂದ ಇನ್ನು ಕಾಗದವೇ ಗತಿ. ನಮ್ಮ ರದ್ದಿ ಕೊಂಡು ಹಡಗಿಗೆ ಹಾಕುವ ಏಜೆಂಟನ ಆಫೀಸಿಗೆ ಕೊಟ್ಟರೆ ಹಡಗಿನ ಚೀಲದಲ್ಲಿ ಹಾಕಿ ಕಳಿಸುತ್ತಾನೆ. ನೀನೂ ಹಾಗೇ ಮಾಡು.

ನಮ್ಮ ರದ್ದಿ ಅಂಗಳಕ್ಕೆ ಕೆಲಸ ಎಷ್ಟಿದೆ ಅಂದರೆ ಉಸಿರಾಡಲು ಬಿಡುವಿಲ್ಲ. ಹಳೆ ಪೇಪರು, ರಟ್ಟು, ಹರಕು ಬಟ್ಟೆ, ಏನು ಕೊಟ್ಟರೂ ನಿಮ್ಮವರಿಗೆ ಬೇಕು. ನಿಮ್ಮಣ್ಣ ರದ್ದಿ ಒತ್ತುವ ಪ್ರೆಸ್ಸಿನ ಮುಂದಿಂದ ಏಳುವುದೇ ಇಲ್ಲ. ಒತ್ತಿ, ತಂತಿ ಬಿಗಿದು, ಪೆಂಡಿ ಉರುಳಿಸುವುದೇ ಕೆಲಸ. ಒಂದೇ ಬೇಜಾರು, ಊರ ಕಾಗದದ ಗಿರಣಿಗೆ ಈಗ ಯಾರೂ ರದ್ದಿ ಕೊಡುತ್ತಿಲ್ಲ. ಅವರು ಕೊಡುವ ದರ ಯಾರಿಗೆ ಬೇಕು? ಅರ್ಧ ದಿನ ಗಿರಣಿ ಸುಮ್ಮನೆ ನಿಂತಿರುತ್ತದೆ.

ಮೊನ್ನೆ ಏಜೆಂಟ್ ಬಂದವನು ನಮ್ಮ ಪೆಂಡಿ ಒಂದನ್ನು ಬಿಚ್ಚಿ ತೋರಿಸಿ ಅಂದ. ನಿಮ್ಮಣ್ಣ ಉಣ್ಣುತ್ತಿದ್ದವರು ಕೈ ತೊಳೆಯದೆ ಎದ್ದು ಬಂದರು. ಕೊನೆಯ ತಂತಿಯ ಗಂಟನ್ನು ಬೆರಳಲ್ಲಿ ತೋರಿಸಿ, "ಇದು ಎಡಕ್ಕೆ ತಿರುಗಿದೆಯಾ? ನಮ್ಮಪ್ಪನ ಕಾಲದಿಂದ ಎಡಕ್ಕೇ. ಎಡಕ್ಕೆ ತಿರುಗಿದ್ದನ್ನ ಯಾರೂ ಬಿಚ್ಚಿ ನೋಡಲ್ಲ. ನೋಡಿದ್ರೆ ಕಟ್ಟಿದವನನ್ನ ಕಳ್ಳ ಅಂದ ಹಾಗೆ" ಅಂತ ಕೂಗಾಡಿದರು. ಏಜೆಂಟ್ ಪೆಂಡಿ ಬಿಚ್ಚಿಸದೆಯೇ ಹೋದ. ಸಿಟ್ಟು ನಿಮ್ಮ ಮನೆತನದ ಆಸ್ತಿ, ನನಗೇನು ಹೊಸದಲ್ಲ.

ಬೇಗ ಬರೆ. ನಿಮ್ಮಮ್ಮನಿಗೆ ಕೀಲುನೋವು ಹಾಗೇ ಇದೆ.

ನಿನ್ನನ್ನು ಬಯ್ಯುವ ಹಕ್ಕಿರುವ
ಅತ್ತಿಗೆ


ಏಪ್ರಿಲ್ ೨

ಅತ್ತಿಗೆಗೆ,

ಬೈಗುಳ ಓದಿ ಮನೆಗೆ ಹೋಗಿ ಬಂದ ಹಾಗಾಯಿತು. ಇನ್ನೂ ನಾಲ್ಕು ಬಯ್ಯಿರಿ.

ಇಲ್ಲಿ ನನ್ನ ಕೆಲಸ ಕೇಳಿದರೆ ಅಣ್ಣ ಬಿದ್ದು ಬಿದ್ದು ನಗುತ್ತಾನೆ. ಬಂದರಿನ ಗೋದಾಮಿನಲ್ಲಿ ನಿಂತು ಪೆಂಡಿ ಬಿಚ್ಚಿ ನೋಡುವುದು! ಕಲ್ಲು ತುಂಬಿದ್ದಾರಾ, ನೀರು ಚಿಮುಕಿಸಿ ತೂಕ ಏರಿಸಿದ್ದಾರಾ ಅಂತ. ಲೋಕದ ರದ್ದಿಯೆಲ್ಲ ಇಲ್ಲೇ ಬಂದು ಬೀಳುತ್ತದೆ ಅತ್ತಿಗೆ. ನಾನು ಕಂಡು ಕೇಳರಿಯದ ಲಿಪಿಗಳು. ಯಾರದ್ದೋ ಮದುವೆಯ ಕಾಗದ, ಯಾರದ್ದೋ ಶಾಲೆಯ ಲೆಕ್ಕದ ಪುಸ್ತಕ. ಎಲ್ಲವೂ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊಸ ರಟ್ಟಿನ ಪೆಟ್ಟಿಗೆಯಾಗಿ ಹೊರಗೆ ಬರುತ್ತವೆ. ಆ ಪೆಟ್ಟಿಗೆಯಲ್ಲಿ ಚಪ್ಪಲಿ, ಫ್ಯಾನು, ಆಟಿಕೆ ತುಂಬಿ ಅದೇ ದೇಶಗಳಿಗೆ ಕಳಿಸುತ್ತಾರೆ.

ಇವರು ನಿಂತಲ್ಲಿ ನಿಲ್ಲುವ ಜನವಲ್ಲ. ಬಂದ ದಿನ ನನ್ನ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಈಗ ಅಡ್ಡ ಒಂದು ಕಟ್ಟಡ ಎದ್ದಿದೆ. ಪಕ್ಕದ ಮಂಚದವಳು ಬೇರೊಂದು ದೇಶದವಳು. ಅವಳ ಊರಿನ ಹೊಳೆಯ ಮರಳನ್ನೆಲ್ಲ ತೋಡಿ ಇಲ್ಲಿಗೆ ಸಾಗಿಸಿದ್ದಾರಂತೆ. ಸಂಜೆ ಕೆಲಸ ಮುಗಿಸಿ ಬಂದವಳು ಆ ಹೊಸ ಗೋಡೆಗೆ ಅಂಗೈ ಇಟ್ಟು, "ಇದರೊಳಗೆ ನಮ್ಮ ಹೊಳೆ ಇದೆ" ಅನ್ನುತ್ತಾಳೆ. ಮೊದಲು ತಮಾಷೆ ಅಂದುಕೊಂಡಿದ್ದೆ. ಅವಳು ನಗುವುದಿಲ್ಲ.

ನಿನ್ನೆ ನಮ್ಮ ಪೆಂಡಿಗಳು ಬಂದವು. ಗಂಟು ಎಡಕ್ಕೆ ತಿರುಗಿದ್ದನ್ನು ದೂರದಿಂದಲೇ ಕಂಡೆ. ಬಿಚ್ಚಲಿಲ್ಲ, ಹಾಗೇ ಪಾಸು ಮಾಡಿದೆ. ಅಣ್ಣನಿಗೆ ಹೇಳಿ.

ಒಂದು ಮಾತು. ನಮ್ಮ ಮೇಲಿನ ಸಾಹೇಬ ಮೊನ್ನೆ ಯಾರಿಗೋ, "ನಮ್ಮ ಜನರ ಕಸವೇ ಇನ್ನು ಸಾಕಷ್ಟಾಗುತ್ತೆ, ಹೊರಗಿನದು ಯಾಕೆ?" ಅಂದ. ಗಾಳಿಮಾತು ಇರಬಹುದು. ಆದರೂ ಅಣ್ಣ ಅತಿಯಾಗಿ ರದ್ದಿ ಕೂಡಿಹಾಕುವುದು ಬೇಡ.

ಅಮ್ಮನ ಕಾಲು ಒತ್ತಿ, ನನ್ನ ಪರವಾಗಿ.

ನಿಮ್ಮ ಬಾಯಿಗೆ ಹೆದರುವ
ನಾದಿನಿ


ಜುಲೈ ೧೯

ನಾದಿನಿ,

ನಿನ್ನ ಗಾಳಿಮಾತು ಬಿರುಗಾಳಿಯಾಗಿ ಬಂತು. ಹೋದ ತಿಂಗಳ ಹಡಗು ನಮ್ಮ ಪೆಂಡಿಗಳನ್ನು ಇಳಿಸದೆ ಹಾಗೇ ವಾಪಸು ಹೊತ್ತು ತಂದು ಬಂದರಿನಲ್ಲಿ ಸುರಿದು ಹೋಯಿತು. ಇನ್ನು ಬೇಡವಂತೆ. ಯಾವ ದೇಶದ್ದೂ ಬೇಡವಂತೆ. ಒಂದು ದಿನ ಬೇಕು ಅಂತ ಕೈ ಚಾಚಿದವರು ಮಾರನೆಯ ದಿನ ಬಾಗಿಲು ಹಾಕಿಕೊಂಡರು. ಏಜೆಂಟನ ಆಫೀಸಿಗೆ ಬೀಗ ಬಿದ್ದಿದೆ. ಅವನ ಜವಾನ ಮಾತ್ರ ಬಂದು ಹಡಗಿನ ಚೀಲದ ಕಾಗದಗಳನ್ನು ಹಂಚುತ್ತಾನೆ, ಅದೂ ಮನಸ್ಸು ಬಂದಾಗ.

ಊರ ಗಿರಣಿಗೇ ಕೊಡೋಣ ಅಂತ ನಿಮ್ಮಣ್ಣ ಹೋದರು. ಗಿರಣಿಯೇ ಇಲ್ಲ ಕಣೇ! ಎರಡು ತಿಂಗಳ ಹಿಂದೆಯೇ ಮುಚ್ಚಿ, ಯಂತ್ರಗಳನ್ನು ಕಳಚಿ ಹಡಗಿಗೆ ತುಂಬಿದ್ದಾರೆ. ಎಲ್ಲಿಗೆ ಅಂತ ಕೇಳಬೇಡ. ನೆಲದಲ್ಲಿ ಬೋಲ್ಟಿನ ತೂತು ಮಾತ್ರ ಉಳಿದಿದೆ ಅಂದರು. ಬಂದವರು ಊಟ ಮಾಡಲಿಲ್ಲ.

ಅಂಗಳದಲ್ಲಿ ರದ್ದಿ ಗುಡ್ಡ ಬೆಳೆದು ಅಡುಗೆಮನೆ ಕಿಟಕಿಗೆ ಬೆಳಕೇ ಬರುತ್ತಿಲ್ಲ. ಮಳೆ ಬಿದ್ದರೆ ಕೆಳಗಿನ ಪೆಂಡಿಗಳು ನೆನೆಯುತ್ತವೆ. ನೆನೆದು ಬಿಗಿದಿದ್ದು ಒಳಗೊಳಗೇ ಬೇಯುತ್ತದೆ, ನಿನಗೆ ನಾನು ಹೇಳಿಕೊಡಬೇಕಾ. ನಿಮ್ಮಣ್ಣ ದಿನಾ ಬೆಳಿಗ್ಗೆ ಗುಡ್ಡಕ್ಕೆ ಉದ್ದನೆಯ ಕಬ್ಬಿಣದ ಕಂಬಿ ಚುಚ್ಚಿ ಬಿಡುತ್ತಾರೆ. ಚಹಾ ಕುಡಿದು ಬಂದು ಎಳೆದು ಮುಟ್ಟಿ ನೋಡುತ್ತಾರೆ. ಬಿಸಿ ಕಂಡಲ್ಲಿ ನಾವಿಬ್ಬರೂ ಸೇರಿ ಪೆಂಡಿ ಎಳೆದು ಬಿಚ್ಚಿ ಹರಡುತ್ತೇವೆ. ನನ್ನ ಸೊಂಟ ಬಿದ್ದೇಹೋಗಿದೆ. ಆಚೆ ಬೀದಿಯ ಅಂಗಳದವರು ಕಂಬಿ ಹಾಕಲು ಸೋಮಾರಿತನ ಮಾಡಿದರು. ಅವರ ಗುಡ್ಡ ಹೋದ ವಾರ ಹೊತ್ತಿಕೊಂಡಿತು. ಮೇಲೆ ಬೆಂಕಿ ಕಾಣಲಿಲ್ಲ, ಬರೀ ಹೊಗೆ. ಇನ್ನೂ ಹೊಗೆಯಾಡುತ್ತಲೇ ಇದೆ.

ಇದೆಲ್ಲ ನಿನಗೆ ಮೊದಲೇ ಗೊತ್ತಿರಲಿಲ್ಲವಾ? ಹೀಗೆ ಕೇಳಬಾರದು. ಕೇಳಿದೆ.

ಅತ್ತಿಗೆ


ಆಗಸ್ಟ್ ೨೩

ಅತ್ತಿಗೆ,

ಗೊತ್ತಿದ್ದರೆ ಬರೆಯದೆ ಇರುತ್ತಿದ್ದೆನಾ? ನನ್ನ ಮೇಲೆ ಆಣೆಯಿಟ್ಟು ಹೇಳುತ್ತೇನೆ, ನಮಗೂ ಬೆಳಿಗ್ಗೆ ಕೆಲಸಕ್ಕೆ ಹೋದಾಗಲೇ ಗೊತ್ತಾಗಿದ್ದು. ಗೋದಾಮು ಖಾಲಿ ಹೊಡೆಯುತ್ತಿತ್ತು. ಪಕ್ಕದ ಮಂಚದವಳನ್ನು ಅವತ್ತೇ ಮನೆಗೆ ಕಳಿಸಿದರು. ಹೋಗುವಾಗ ಆ ಗೋಡೆಯನ್ನು ಇನ್ನೊಮ್ಮೆ ಮುಟ್ಟಿ ಹೋದಳು.

ನನ್ನನ್ನು ಇಟ್ಟುಕೊಂಡರು, ಪ್ರೆಸ್ಸು ನಡೆಸಲು ಬರುತ್ತದೆ ಅಂತ. ಹ್ಞೂಂ, ಈಗ ನಾನು ಬಿಚ್ಚುವವಳಲ್ಲ, ಕಟ್ಟುವವಳು. ಇಲ್ಲಿಯ ಜನ ಕೊಳ್ಳುವ ವೇಗ ನೋಡಿದರೆ ನೀವು ಕಣ್ಣು ಕಣ್ಣು ಬಿಡುತ್ತೀರಿ. ಕೊಂಡದ್ದನ್ನು ಎಸೆಯುವ ವೇಗ ಅದಕ್ಕಿಂತ ಹೆಚ್ಚು. ಆ ಕಸವನ್ನೆಲ್ಲ ಒತ್ತಿ ಪೆಂಡಿ ಮಾಡಿ ಹಡಗಿಗೆ ಹಾಕುತ್ತೇವೆ. ಎಲ್ಲಿಗೆ ಅಂತ ಕೇಳಿದೆ. "ಹಡಗು ಖಾಲಿ ಹೋಗೋದು ಯಾಕೆ? ಮೊದಲು ಯಾರು ಕಳಿಸ್ತಿದ್ದರೋ ಅವರಿಗೇ" ಅಂದ ಮೇಸ್ತ್ರಿ. ನನಗೆ ನಗು ಬಂತು, ಆಮೇಲೆ ನಮ್ಮ ಅಂಗಳ ನೆನಪಾಗಿ ನಗು ನಿಂತಿತು.

ಆದರೂ ಒಂದು ಆಸೆ. ನಮ್ಮೂರಿಗೂ ಬರಬಹುದಲ್ಲ? ಆದ್ದರಿಂದ ನಾನು ಕಟ್ಟುವುದಕ್ಕೆಲ್ಲ ಎಡಕ್ಕೇ ತಿರುಗಿಸುತ್ತಿದ್ದೇನೆ. ಇಲ್ಲಿ ಯಾರೂ ಗಮನಿಸುವುದಿಲ್ಲ. ಅಣ್ಣ ಕಂಡರೆ ಮುಖದಲ್ಲಿ ಒಂದಿಷ್ಟು ನಗು ಬರಲಿ ಅಂತ ಅಷ್ಟೇ. ನನ್ನ ಕೈ ಅಲ್ಲಿಯವರೆಗೆ ಬಂದು ಮುಟ್ಟಿತು ಅಂದುಕೊಳ್ಳಿ.

ನಿಮ್ಮ ಪ್ರಶ್ನೆ ಮನಸ್ಸಿಗೆ ಚುಚ್ಚಿತು. ಅದನ್ನೂ ಹೇಳಿಬಿಡುತ್ತೇನೆ.

ನಾದಿನಿ


ಅಕ್ಟೋಬರ್ ೩೦

ನನ್ನ ಚಿನ್ನದಂಥ ನಾದಿನಿಗೆ,

ಕೇಳಬಾರದ್ದು ಕೇಳಿದೆ, ಕ್ಷಮಿಸಿಬಿಡು. ನನ್ನ ಬಾಯಿ ನಿನಗೆ ಗೊತ್ತಲ್ಲ.

ಬಂತು ಕಣೇ! ನಿನ್ನ ಕೈ ಬಂದು ಮುಟ್ಟಿತು! ಏಜೆಂಟ್ ಮತ್ತೆ ಕಾಣಿಸಿಕೊಂಡಿದ್ದಾನೆ, ಹೊಸ ಕೋಟು ಬೇರೆ. ಈಗ ಅವನು ಕೊಳ್ಳುವವನಲ್ಲ, ತಂದು ಹಾಕುವವನು. ಅಲ್ಲಿಂದ ಬಂದ ಪೆಂಡಿಗಳನ್ನು ಇಟ್ಟುಕೊಂಡು, ಬಿಚ್ಚಿ, ಆರಿಸಿ, ಬೇಕಾದ್ದು ಇಟ್ಟುಕೊಂಡು ಮಿಕ್ಕಿದ್ದು ಏನಾದರೂ ಮಾಡಿಕೊಳ್ಳಿ ಅನ್ನುತ್ತಾನೆ. ಜಾಗದ ಬಾಡಿಗೆ ಕೊಡುತ್ತಾನೆ. ಬೇಡ ಅನ್ನುವ ಸ್ಥಿತಿಯಲ್ಲಿ ಯಾರಿದ್ದಾರೆ? ಊರಿನ ಎಲ್ಲ ಅಂಗಳಗಳೂ ಒಪ್ಪಿಕೊಂಡಿವೆ. ಗಿರಣಿಯ ಖಾಲಿ ಕಟ್ಟಡದಲ್ಲೂ ಸೂರಿನವರೆಗೆ ಪೇರಿಸಿದ್ದಾರೆ.

ಲಾರಿಯಿಂದ ಇಳಿಸುವಾಗ ನಿಮ್ಮಣ್ಣ ಒಂದು ಪೆಂಡಿಯ ಮುಂದೆ ಕಲ್ಲಿನ ಹಾಗೆ ನಿಂತರು. ಏನಾಯಿತೋ ಅಂತ ಓಡಿಹೋದೆ. ಗಂಟನ್ನು ಬೆರಳಿನಿಂದ ಸವರುತ್ತಾ, "ನೋಡೇ, ಎಡಕ್ಕೆ! ನಮ್ಮ ಹುಡುಗಿ ಕಟ್ಟಿದ್ದು!" ಅಂದರು. ಅವರ ಕಣ್ಣಲ್ಲಿ ನೀರು ನೋಡಿ ನನಗೆ ಭಯವೇ ಆಯಿತು, ಮದುವೆಯಾದಾಗಿನಿಂದ ಕಂಡಿರಲಿಲ್ಲ.

ನಿಮ್ಮಮ್ಮನನ್ನು ಕೈ ಹಿಡಿದು ಕರೆತಂದು ತೋರಿಸಿದೆವು. ಗಂಟು ಮುಟ್ಟಿ ಮುಟ್ಟಿ ನೋಡಿದರು. "ಇವನ್ನ ದೂರ ಹಾಕಬೇಡ್ರೋ, ನನ್ನ ಹತ್ತಿರ ಇರಲಿ" ಅಂದರು. ಅದಕ್ಕೆ ನಿಮ್ಮಣ್ಣ ನಿನ್ನವನ್ನೆಲ್ಲ ಬೇರೆ ಮಾಡಿ, ಅಮ್ಮನ ಕೋಣೆಯ ಹಿಂದಿನ ಗೋಡೆಗೆ ಆನಿಸಿ ಸೂರಿನವರೆಗೆ ಪೇರಿಸಿದ್ದಾರೆ. ಬೇರೆ ಪೆಂಡಿಗಳನ್ನು ದಿನಾ ಬಿಚ್ಚಿ ಆರಿಸುತ್ತೇವೆ. ಅಬ್ಬಬ್ಬಾ, ಏನೇನು ಕೊಳಕು ತುಂಬಿ ಕಳಿಸುತ್ತಾರೆ ಆ ಜನ! ನಿನ್ನವನ್ನು ಮಾತ್ರ ಮುಟ್ಟಿಲ್ಲ. ಬಿಚ್ಚೋಣವಾ ಅಂದರೆ ನಿಮ್ಮಣ್ಣ, "ಮನೆಯ ಗಂಟು, ಕೊನೆಗೆ ಬಿಚ್ಚಿದರಾಯ್ತು" ಅನ್ನುತ್ತಾರೆ.

ತುಂಬಾ ದಿನದ ಮೇಲೆ ಮನೆಯಲ್ಲಿ ನಗು ಕೇಳಿದೆ.

ನಿನ್ನ
ಅತ್ತಿಗೆ


ಡಿಸೆಂಬರ್ ೩

ಅತ್ತಿಗೆ,

ನಿಮ್ಮ ಕಾಗದ ಈಗ ತಾನೇ ಕೈಗೆ ಬಂತು. ಬೇರೇನೂ ಓದಬೇಡಿ, ಮೊದಲು ಅಣ್ಣನನ್ನು ಕರೆಯಿರಿ. ನಾನು ಕಟ್ಟಿದ ಪೆಂಡಿಗಳನ್ನು ಅಮ್ಮನ ಗೋಡೆಯಿಂದ ತೆಗೆಸಿ. ಇವತ್ತೇ. ಒಂದೊಂದನ್ನೂ ಬಿಚ್ಚಿ ಬಯಲಲ್ಲಿ ಹರಡಿ.

ಯಾಕೆ ಅಂತ ಹೇಳುತ್ತೇನೆ. ಸೆಪ್ಟೆಂಬರಿನಿಂದ ಬಾಗಿಲು ಕಿಟಕಿಗೆ ಬಳಿಯುವ ಎಣ್ಣೆಬಣ್ಣ ಮಾಡುವ ಇಲ್ಲಿನ ಹೊಸ ಕಾರ್ಖಾನೆಗಳ ಬಟ್ಟೆ ಬರುತ್ತಿದೆ. ಎಣ್ಣೆ ಒರೆಸಿ ಎಸೆದ ಚಿಂದಿ. ಅದನ್ನೂ ರದ್ದಿಯ ನಡುವೆ ಇಟ್ಟು ಒತ್ತಿಸುತ್ತಾರೆ. ಎಣ್ಣೆ ಬಟ್ಟೆಯನ್ನು ಬಿಗಿದಿಟ್ಟರೆ ಯಾರೂ ಕಿಡಿ ಹಚ್ಚಬೇಕಾಗಿಲ್ಲ, ತಾನೇ ಹೊತ್ತಿಕೊಳ್ಳುತ್ತದೆ ಅಂತ ಅಪ್ಪ ನಮಗೆ ಎಷ್ಟು ಸಲ ಹೇಳಿರಲಿಲ್ಲ? ನಾನು ಮೇಸ್ತ್ರಿಗೆ ಹೇಳಿದೆ. "ಇಲ್ಲಿಂದ ಹೊರಟರೆ ಸಾಕು, ಅಲ್ಲಿ ಏನಾದರೆ ನಮಗೇನು?" ಅಂದ. ಬೇಡ ಅಂದವರಿಗೆ ಗೇಟು ತೋರಿಸುತ್ತಾರೆ. ಕಟ್ಟಿದೆ ಅತ್ತಿಗೆ. ಹೇಗೂ ಅಲ್ಲಿ ಹೋದ ತಕ್ಷಣ ಬಿಚ್ಚಿ ಆರಿಸುತ್ತಾರಲ್ಲ, ಗಾಳಿಯಾಡಿದರೆ ಏನೂ ಆಗುವುದಿಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಮನೆಯ ಗಂಟು ಬಿಚ್ಚುವುದಿಲ್ಲ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಆ ಗಂಟು ಹಾಕುತ್ತಿದ್ದ ನನಗೇ ಹೊಳೆಯಲಿಲ್ಲ!

ಅಣ್ಣ ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ. ನಾನೇ ಬಿಚ್ಚು ಅಂದೆ ಅಂತ ಹೇಳಿ. ಕಳ್ಳಿ ಅಂತಲೇ ಅಂದುಕೊಂಡು ಬಿಚ್ಚಲಿ.

ನಾದಿನಿ


ಡಿಸೆಂಬರ್ ೮

ನಾದಿನಿ,

ನಿನ್ನ ಕಾಗದ ಬಂದು ತುಂಬಾ ದಿನವಾಯಿತು. ಸಮುದ್ರದಲ್ಲಿ ಗಾಳಿ ಜೋರಾಗಿ ಹಡಗುಗಳು ತಡವಂತೆ. ನಾನೇ ಬರೆಯುತ್ತಿದ್ದೇನೆ.

ಈ ಸಲದ ಚಳಿ ಹೇಳತೀರದು. ಆದರೆ ನಿಮ್ಮಮ್ಮ ಮಾತ್ರ ಹಾಯಾಗಿದ್ದಾರೆ ನೋಡು! ಹೋದ ವರ್ಷ ಈ ಹೊತ್ತಿಗೆ ಕೀಲು ಹಿಡಿದು ಅಳುತ್ತಿದ್ದರು. ಈಗ ಅವರ ಕೋಣೆಯ ಹಿಂದಿನ ಗೋಡೆ ಬೆಚ್ಚಗಿದೆ. ಮಂಚವನ್ನು ಗೋಡೆಗೆ ಒತ್ತಿ ಹಾಕಿಸಿಕೊಂಡು, ಬೆನ್ನು ಕೊಟ್ಟು ಮಲಗುತ್ತಾರೆ. "ನನ್ನ ಮಗಳು ಅಷ್ಟು ದೂರದಿಂದ ಬಿಸಿ ಕಳಿಸ್ತಿದ್ದಾಳೆ ಕಣೇ, ನಿನ್ನ ಕಷಾಯಕ್ಕಿಂತ ಇದೇ ವಾಸಿ" ಅಂತ ನನ್ನನ್ನು ಹಂಗಿಸುವುದು ಬೇರೆ. ನಾನೂ ಒದ್ದೆ ಬಟ್ಟೆ ತಂದು ಆ ಗೋಡೆಗೆ ಹರಡುತ್ತೇನೆ. ಸಂಜೆಯೊಳಗೆ ಗರಿಗರಿ ಒಣಗುತ್ತದೆ.

ನಿಮ್ಮಣ್ಣ, ಮಧ್ಯಾಹ್ನದ ಬಿಸಿಲು ಆ ಕಡೆಗೇ ಬೀಳುತ್ತದೆ, ಅದಕ್ಕೆ ಅನ್ನುತ್ತಾರೆ. ಇರಬಹುದು. ಆದರೆ ಈ ವಾರವೆಲ್ಲ ಮೋಡ.

ಇನ್ನೊಂದು. ಆ ಕೋಣೆಯಲ್ಲಿ ಹೊಸ ಬಾಗಿಲಿಗೆ ಬಣ್ಣ ಬಳಿದ ಹಾಗೆ ಏನೋ ವಾಸನೆ. ಮನೆಯಲ್ಲಿ ಯಾರು ಬಣ್ಣ ಬಳಿದಿದ್ದಾರೆ? ಇವತ್ತು ನಾನೇ ಕಂಬಿ ಎತ್ತಿಕೊಂಡು ಹಿಂದಕ್ಕೆ ಹೋದೆ. ನಿಮ್ಮಣ್ಣ ಕಂಡು ಕಿತ್ತುಕೊಂಡರು. "ನನ್ನ ತಂಗಿ ಕಟ್ಟಿದ್ದಕ್ಕೆ ಕಂಬಿ ಚುಚ್ತೀಯಾ?" ಅಂದರು. ಎರಡು ಮಾತು ನಾನೂ ಆಡಿದೆ. ಈಗ ಮಾತುಬಿಟ್ಟಿದ್ದೇವೆ. ನಾಳೆ ಸರಿಹೋಗುತ್ತಾರೆ ಬಿಡು.

ನೀನು ಒಂದು ಸಾಲು ಬರೆದು ಹಾಕು, ಬಿಚ್ಚಬಹುದು ಅಂತ. ನೀನು ಹೇಳಿದರೆ ಕೇಳುತ್ತಾರೆ.

ನಿಮ್ಮಮ್ಮ ಪಕ್ಕದಲ್ಲೇ ಇದ್ದಾರೆ, ಅವಳಿಗೆ ನನ್ನ ಮುತ್ತು ಬರಿ ಅನ್ನುತ್ತಿದ್ದಾರೆ. ಬರೆದಿದ್ದೇನೆ.

ಅತ್ತಿಗೆ


ಜನವರಿ ೫

ಅತ್ತಿಗೆ, ಅಣ್ಣ,

ಗೋಡೆ ಬೆಚ್ಚಗಿದೆ ಅಂತ ನೀವು ಬರೆದದ್ದನ್ನು ಗೋದಾಮಿನಲ್ಲಿ ನಿಂತೇ ಓದಿದೆ. ಪ್ರೆಸ್ಸನ್ನು ಹಾಗೇ ಬಿಟ್ಟು ಹೊರಗೆ ಓಡಿದೆ. ನನ್ನ ಹೋದ ಕಾಗದ ನಿಮಗೆ ಮುಟ್ಟಿತಾ? ಮುಟ್ಟಿರಲೇಬೇಕು. ಮುಟ್ಟಿದೆ ಅಂತ ಒಂದು ಸಾಲು ಬರೆಯಿರಿ. ಏಜೆಂಟನ ಆಫೀಸಿಗೆ ಇಲ್ಲಿಂದ ಫೋನು ಮಾಡಿದೆ, ಸದ್ದೇ ಇಲ್ಲ. ಆ ಬೀದಿಯ ತಂತಿಯೂ ಹೋಗಿದೆ ಅಂತ ಕಾಣುತ್ತದೆ. ಅಂಚೆ ಕಚೇರಿಗೆ ಹೋಗಿ ತಂತಿ ಸಂದೇಶ ಕಳಿಸಿ ಅಂದರೆ, ಆ ಊರಿಗೆ ಈಗ ಸಂಪರ್ಕವೇ ಇಲ್ಲ ಅಂದರು. ಲೋಕದ ತಾಮ್ರವೆಲ್ಲ ಇದೇ ಊರಿನ ಗೋಡೆಗಳಲ್ಲಿ ಓಡುತ್ತಿದೆ ಅತ್ತಿಗೆ. ಒಂದು ಗುಂಡಿ ಒತ್ತಿದರೆ ಇಡೀ ಬೀದಿ ಜಗಜಗ ಹೊಳೆಯುತ್ತದೆ. ನನ್ನ ಮನೆಗೆ ಒಂದು ಮಾತು ಮುಟ್ಟಿಸಲು ಮಾತ್ರ ಆಗುವುದಿಲ್ಲ.

ನೀವು ಒಗೆದು ಹಾಕುವ ಬಟ್ಟೆ ಬೇಗ ಒಣಗಿದರೆ ಸಂತೋಷಪಡಬೇಡಿ. ಅಣ್ಣ, ನಾನು ಕಟ್ಟಿದ್ದನ್ನೆಲ್ಲ ಬಿಚ್ಚು, ನಾನೇ ಹೇಳುತ್ತಿದ್ದೇನೆ. ಅಮ್ಮನನ್ನು ಹೊರಗಿನ ಕೋಣೆಗೆ ತನ್ನಿ. ಅವಳು ಒಪ್ಪದಿದ್ದರೆ ಎತ್ತಿಕೊಂಡು ಬನ್ನಿ.

ನಿಮ್ಮಿಬ್ಬರ ಕಾಲು ಹಿಡಿದುಕೊಂಡು ಕೇಳುತ್ತೇನೆ.

ನಾದಿನಿ


ಜನವರಿ ೨೯

ನಾದಿನಿ,

ನಿನ್ನ ಎರಡೂ ಕಾಗದ ನಿನ್ನೆ ಒಟ್ಟಿಗೆ ಬಂದವು. ಮೊದಲನೆಯದನ್ನು ಜವಾನ ಆಫೀಸಿನಲ್ಲೇ ಮರೆತಿದ್ದನಂತೆ. ಹಲ್ಲು ಕಿರಿದು ಎರಡನ್ನೂ ಕೈಗಿಟ್ಟ.

ಅಮ್ಮ ಹೋದರು. ಡಿಸೆಂಬರ್ ಕೊನೆಯ ವಾರ. ಮಧ್ಯಾಹ್ನ ಉಂಡು ಗೋಡೆಗೆ ಬೆನ್ನು ಕೊಟ್ಟು ಮಲಗಿದ್ದರು. ನಾನು ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಸೂರಿನ ಸಂದಿಯಿಂದ ಹೊಗೆ ಒಳಗಿಳಿದಿದೆ. ಬೆಂಕಿ ಅವರನ್ನು ಮುಟ್ಟಲೇ ಇಲ್ಲ. ಮುಖ ನಿದ್ದೆ ಹೋದ ಹಾಗೇ ಇತ್ತು, ಇದು ನಿನಗೆ ಸುಳ್ಳು ಸಮಾಧಾನವಲ್ಲ, ನಾನು ಕಂಡದ್ದು. ನಾವು ಅವರನ್ನು ಹೊರಗೆ ತಂದ ಮೇಲೆ ಗೋಡೆ ಒಳಕ್ಕೆ ಕುಸಿಯಿತು. ನಿಮ್ಮಣ್ಣ ಆಮೇಲೂ ಹುಚ್ಚರ ಹಾಗೆ ಆ ಪೆಂಡಿಗಳ ತಂತಿಯನ್ನು ಬರಿಗೈಯಲ್ಲಿ ಎಳೆದರು. ತಂತಿ ಕಾದು ಕೆಂಪಾಗಿತ್ತು. ಎರಡು ಕೈಯಲ್ಲೂ ಈಗ ಬಟ್ಟೆ ಸುತ್ತಿದೆ. ಅನ್ನ ನಾನೇ ತಿನ್ನಿಸುತ್ತೇನೆ, ಅದಕ್ಕೇ ನಿನಗೆ ಬೇಗ ಬರೆಯಲಾಗಲಿಲ್ಲ. ಮತ್ತೆ ಪ್ರೆಸ್ಸು ಹಿಡಿಯುವ ಕೈಗಳಲ್ಲ ಅವು ಅಂತ ವೈದ್ಯರು ಹೇಳಿದರು. ನಿಮ್ಮಣ್ಣನಿಗೆ ಅದನ್ನು ಇನ್ನೂ ಹೇಳಿಲ್ಲ.

ನಿನ್ನ ಮೇಲೆ ಸಿಟ್ಟಿದೆಯಾ ಅಂದರೆ, ಇದೆ. ಸುಳ್ಳು ಯಾಕೆ ಹೇಳಲಿ. ಎಣ್ಣೆ ಬಟ್ಟೆಯ ಮೇಲೆ ನಮ್ಮ ಗಂಟು ಹಾಕುವಾಗ ನಿನ್ನ ಕೈ ಯಾಕೆ ನಡುಗಲಿಲ್ಲ ಅಂತ ದಿನಾ ಕೇಳಿಕೊಳ್ಳುತ್ತೇನೆ. ಹಾಗೆಯೇ ಆ ಗೋಡೆಗೆ ಬಟ್ಟೆ ಹರಡಿ ಖುಷಿಪಟ್ಟವಳು ನಾನೇ ಅಲ್ಲವಾ ಅಂತಲೂ ಕೇಳಿಕೊಳ್ಳುತ್ತೇನೆ. ನಿನ್ನ ಮೇಸ್ತ್ರಿಗೆ, ಏಜೆಂಟನ ಹೊಸ ಕೋಟಿಗೆ ಏನೂ ಆಗಿಲ್ಲ. ಮನೆಯವರು ಮನೆಯವರನ್ನೇ ಬಯ್ದುಕೊಂಡು ಕೂತಿದ್ದೇವೆ.

ಬರುತ್ತೇನೆ ಅನ್ನಬೇಡ. ಇಲ್ಲಿ ಬಂದು ಏನು ಮಾಡುತ್ತೀಯ? ಗಿರಣಿಯ ಕಟ್ಟಡವೂ ಹೊಗೆಯಾಡಲು ಶುರುವಾಗಿದೆ. ಊರಿನಲ್ಲಿ ಈಗ ಯಾರೂ ಕಿಟಕಿ ತೆರೆಯುವುದಿಲ್ಲ.

ನಿನ್ನ ಕಾಗದ ತಂದ ಹಡಗೇ ಮತ್ತೆ ಪೆಂಡಿಗಳನ್ನೂ ತಂದಿತು. ಜಾಗವಿಲ್ಲ ಅಂದರೂ ಏಜೆಂಟನ ಲಾರಿಯವರು ಗೇಟಿನ ಮುಂದೆ ಇಳಿಸಿ ಹೋದರು. ನಿಮ್ಮಣ್ಣ ಕುರ್ಚಿ ಹಾಕಿಸಿಕೊಂಡು ಅವುಗಳ ಮುಂದೆ ಕೂತರು, ಕಂಬಿ ತಗೋ ಅಂತ ನನಗೆ ಹೇಳಿದರು. ನಿನ್ನ ಕಾಗದಗಳನ್ನು ಓದಿ ಹೇಳಿದ್ದೆ.

ನಾನು ತುದಿಯಲ್ಲಿದ್ದ ಪೆಂಡಿಯ ಹತ್ತಿರ ಹೋದೆ. ಅವರು ಬಟ್ಟೆ ಸುತ್ತಿದ ಕೈ ಎತ್ತಿ ಬೇರೆ ಕಡೆ ತೋರಿಸಿದರು.

"ಅದಲ್ಲ. ಎಡಕ್ಕೆ ತಿರುಗಿದ್ದನ್ನ ಮೊದಲು ಬಿಚ್ಚು."

ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮುಂದೆ ನೀನೂ ಎಲ್ಲರ ಹಾಗೆ ಬಲಕ್ಕೇ ತಿರುಗಿಸು.

ಅತ್ತಿಗೆ